ನಿಮಗಿದು ಗೊತ್ತೇ? ಚಡ್ಡಿ ಒದ್ದೆಯಾದರೆ ತಪ್ಪು ಯಾರದ್ದು?

ತೊಂಡೇಬಾವಿ ಕಡೆಯ ಅಜ್ಜಿಯರು ಕಾಲು ಚಾಚಿ ಕೂತು, ಪಾದಗಳ ಮೇಲೆ ಕೂಸನ್ನು ಕೂರಿಸಿ ‘ಸ್ಸ್‌... ಸ್ಸ್‌...’ ಅನ್ನುತ್ತಾರಲ್ಲ, ಪೂರ್ವ ಆಫ್ರಿಕಾದ ಡಿಗೋ ಜನರಲ್ಲೂ ಇಂಥದೇ ರೂಢಿಯಿದೆ. ಅಲ್ಲಿನ ಕೂಸುಗಳಿಗೆ ಐದಾರು ತಿಂಗಳಿಗೇ ಇದು ಅಭ್ಯಾಸವಾಗುತ್ತದೆಂದು 1977ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆ ಬರೆಯಿತು. ಆದರೆ ಅಲ್ಲಿ ಹೊತ್ತು ನೋಡುವವಳು ಅಮ್ಮ. ಮಗು ತಾನಾಗಿ ಹೇಳಿ ಹೋಗುವುದು ಸಾಮಾನ್ಯವಾಗಿ ಒಂದೂವರೆ ವರ್ಷ ಕಳೆದ ಮೇಲೆಯೇ. ಕೆಲವರಿಗೆ ಮೂರೂ ದಾಟುತ್ತದೆ. ಪಕ್ಕದ ಮನೆ ಕೂಸಿನ ಲೆಕ್ಕ ಬೇಡ.

ಎರಡು ವರ್ಷದ ಮಗುವಿನ ಮೂತ್ರಕೋಶ ಹಿಡಿಯುವುದು ಸುಮಾರು 90 ಮಿ.ಲೀ. ಯಶವಂತಪುರದಲ್ಲಿ ರೈಲು ಹತ್ತಿಸಿ ‘ತಡ್ಕೋ, ತೊಂಡೇಬಾವಿ ಬರ್ಲಿ’ ಅಂದರೆ ಅದೇನು ಮಾಡೀತು?

ಡೈಪರ್ ಒದ್ದೆಯನ್ನು ಹೀರಿಬಿಡುತ್ತದೆ. ಒದ್ದೆಯೇ ಗೊತ್ತಾಗದ ಮಗು ಹೇಳುವುದಾದರೂ ಏನನ್ನು? ಹಗಲಲ್ಲಿ ಒಂದಷ್ಟು ಹೊತ್ತು ಬರೀ ಚಡ್ಡಿ ಹಾಕಿ.

ಎಲ್ಲಕ್ಕಿಂತ ಕೆಟ್ಟದ್ದು ಗದರಿಕೆ. ಒಮ್ಮೆ ಮಲ ಗಟ್ಟಿಯಾಗಿ ಬಂದು ನೋವಾಗಿದ್ದರೆ, ಇಲ್ಲವೇ ಬೆನ್ನಿಗೆ ಏಟು ಬಿದ್ದಿದ್ದರೆ, ಎರಡಕ್ಕೆ ಬಂದರೂ ಮಗು ಬಾಯಿ ಬಿಡದು. ಬಾಗಿಲ ಸಂದಿಯಲ್ಲಿ ಕಾಲು ಹೆಣೆದು, ಮುಖ ಕೆಂಪಗಾಗಿ ನಿಂತಿರುತ್ತದೆ. ನಾವು ತಿಣುಕುತ್ತಿದೆ ಅಂದುಕೊಳ್ಳುತ್ತೇವೆ, ಅದು ತಡೆಹಿಡಿಯುತ್ತಿರುತ್ತದೆ! ಕರುಳು ನೀರು ಹೀರಿದಂತೆಲ್ಲ ಮಲ ಇನ್ನೂ ಗಟ್ಟಿ, ನೋವು ಇನ್ನೂ ಜಾಸ್ತಿ. ಕಡೆಗೆ ಆ ಗಟ್ಟಿಯ ಪಕ್ಕದಿಂದ ನೀರಾಗಿ ಸೋರಿ ಚಡ್ಡಿ ಹೊಲಸಾಗುತ್ತದೆ. ಅದನ್ನು ಭೇದಿಯೆಂದು ತಿಳಿದು ನಿಲ್ಲುವ ಔಷಧಿ ಕೊಟ್ಟರೆ ಕೆಟ್ಟಿತು. ಡಾಕ್ಟರಿಗೆ ತೋರಿಸಿ. ಲೋಟಗಟ್ಟಲೆ ಹಾಲು ಕುಡಿಸುವುದನ್ನೂ ಕಡಿಮೆ ಮಾಡಿ. ನಮ್ಮ ರಾಗಿಯಲ್ಲಿ 100 ಗ್ರಾಂಗೆ ಸುಮಾರು 11 ಗ್ರಾಂ ನಾರಿದೆ, ಬಿಸ್ಕತ್ತಿನ ಬದಲು ಮುದ್ದೆ ತಿನ್ನಲಿ.

ಊಟ ಹೊಟ್ಟೆಗೆ ಬಿದ್ದೊಡನೆ ದೊಡ್ಡ ಕರುಳು ಚುರುಕಾಗುತ್ತದೆ. ಕೂರಿಸಲು ಅದೇ ಸರಿಯಾದ ಹೊತ್ತು, ಐದು ನಿಮಿಷ ಸಾಕು.

ಕಮೋಡಿನ ಮೇಲೆ ಕೂರಿಸುತ್ತೀರಾ? ಕಾಲು ತೂಗಾಡಿದರೆ ಮುಕ್ಕಲು ಬಲ ಸಿಗದು. ಕೆಳಗೊಂದು ಮಣೆ ಇಡಿ. ಹೆಣ್ಣುಮಗುವಾದರೆ ಮುಂದಿನಿಂದ ಹಿಂದಕ್ಕೇ ತೊಳೆಯಿರಿ.

ರಾತ್ರಿಯ ಹಾಸಿಗೆ ಬೇರೆಯೇ ಕಥೆ. ಐದು ವರ್ಷದ 100 ಮಕ್ಕಳಲ್ಲಿ ಸುಮಾರು 15 ಮಕ್ಕಳು ಇನ್ನೂ ಹಾಸಿಗೆ ಒದ್ದೆ ಮಾಡುತ್ತಾರೆ. ನೆಂಟರೆದುರು ಅದನ್ನು ಹೇಳಿ ನಗಬೇಡಿ, ಮಗುವಿಗೆ ಎಲ್ಲಾ ಅರ್ಥವಾಗುತ್ತದೆ.

‘ಕೂಸಿನದ್ದಲ್ವಾ, ಏನಾಗಲ್ಲ’ ಎಂದು ಮಗುವಿನ ಮಲವನ್ನು ಚರಂಡಿಗೋ ತಿಪ್ಪೆಗೋ ಎಸೆಯುವವರೂ ಇದ್ದಾರೆ. ರೋಗಾಣು ಅದರಲ್ಲೂ ಇರುತ್ತವೆ. ಕಕ್ಕಸಿಗೇ ಹಾಕಿ, ಸೋಪು ಹಚ್ಚಿ ಕೈ ತೊಳೆಯಿರಿ, ಮಗುವಿನದ್ದೂ.