ಹ್ಯಾಟಿನ ಊರಿನಿಂದ ಕಡಲ ತೀರಕ್ಕೆ

ಇಂಗ್ಲೆಂಡಿನ ಲೂಟನ್ ಒಂದು ಕಾಲಕ್ಕೆ ಹುಲ್ಲಿನ ಹ್ಯಾಟುಗಳಿಗೆ ಹೆಸರಾಗಿದ್ದ ಊರು. ಆಮೇಲೆ ವಾಕ್ಸ್‌ಹಾಲ್ ಕಾರು ಕಾರ್ಖಾನೆಯೂ ಬಂತು. ಲಂಡನ್ನಿನಿಂದ ಉತ್ತರಕ್ಕೆ ಸುಮಾರು 50 ಕಿ.ಮೀ. ದೂರದ ಈ ದುಡಿಮೆಗಾರರ ಪಟ್ಟಣಕ್ಕೆ ಪ್ರವಾಸಿಗರನ್ನು ಸೆಳೆಯುವಂಥದ್ದು ಹೆಚ್ಚೇನೂ ಇರಲಿಲ್ಲ. ಆದರೂ 1960ರ ದಶಕದಲ್ಲಿ ಬೇಸಿಗೆ ಬಂತೆಂದರೆ ಸೂಟ್‌ಕೇಸ್ ಹಿಡಿದ ಕುಟುಂಬಗಳು ಸಾಲುಸಾಲಾಗಿ ಇಲ್ಲಿನ ಗುಡ್ಡ ಹತ್ತುತ್ತಿದ್ದವು. ಗುಡ್ಡದ ನೆತ್ತಿಯಲ್ಲಿತ್ತು ನಗರಸಭೆಯ ಪುಟ್ಟ ವಿಮಾನ ನಿಲ್ದಾಣ. ಅಲ್ಲಿಂದ ಹಾರಿದರೆ ಕೆಲವೇ ಗಂಟೆಗಳಲ್ಲಿ ಸ್ಪೇನಿನ ಬಿಸಿಲು.

ಈ ನಿಲ್ದಾಣ ಶುರುವಾದದ್ದು 1938ರ ಜುಲೈನಲ್ಲಿ. ಪರ್ಸಿವಲ್ ಎಂಬ ವಿಮಾನ ತಯಾರಿಕಾ ಕಂಪನಿ ಅದಕ್ಕೂ ಮೊದಲೇ ಪಕ್ಕದಲ್ಲಿ ಕಾರ್ಖಾನೆ ತೆರೆದಿತ್ತು. ಯುದ್ಧಕಾಲದಲ್ಲಿ ಜಾಗ ವಾಯುಪಡೆಗೆ ಹೋಯಿತು. 1959ರಲ್ಲಿ ಕಾಂಕ್ರೀಟ್ ರನ್‌ವೇ ಸಿದ್ಧವಾದರೂ ದೊಡ್ಡ ಏರ್‌ಲೈನ್‌ಗಳು ಇತ್ತ ತಿರುಗಿ ನೋಡಲಿಲ್ಲ. ಅವಕ್ಕೆ ಲಂಡನ್ನಿನ ಹೀಥ್ರೂ ಇತ್ತು. ಲೂಟನ್ನಿಗೆ ಬಂದವರು ಚಾರ್ಟರ್ ಕಂಪನಿಗಳವರು.

ಚಾರ್ಟರ್ ಅಂದರೆ ಮದುವೆ ದಿಬ್ಬಣಕ್ಕೆ ಇಡೀ ಬಸ್ಸನ್ನೇ ಗೊತ್ತುಮಾಡಿದ ಹಾಗೆ. ಪ್ರವಾಸ ಕಂಪನಿ ವಿಮಾನವನ್ನು ಪೂರ್ತಿಯಾಗಿ ಬಾಡಿಗೆಗೆ ಹಿಡಿದು, ಹೋಟೆಲ್ ಕೋಣೆಗಳನ್ನು ಸಗಟಾಗಿ ಕೊಂಡು, ಎರಡನ್ನೂ ಸೇರಿಸಿ ಒಂದೇ ಬೆಲೆಗೆ ಮಾರುತ್ತದೆ.

ಬ್ರಿಟನ್ನಿನಲ್ಲಿ ಈ ದಾರಿ ತೆರೆದವರಲ್ಲಿ ಪ್ರಮುಖ ಹೆಸರು ವ್ಲಾದಿಮಿರ್ ರೈಟ್ಸ್. ಮಾಸ್ಕೋದಲ್ಲಿ ಹುಟ್ಟಿ ಲಂಡನ್ನಿನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆಗೆ ದುಡಿಯುತ್ತಿದ್ದ ಈ ಯುವಕ 1949ರಲ್ಲಿ ರಜೆಗೆಂದು ಕಾರ್ಸಿಕಾ ದ್ವೀಪದ ಕಾಲ್ವಿಗೆ ಹೋಗಿದ್ದ. ಮರಳಿ ಬಂದವನೇ ಅಜ್ಜಿಯಿಂದ ಬಂದ ಹಣದಲ್ಲಿ ‘ಹೊರೈಜನ್ ಹಾಲಿಡೇಸ್’ ಕಟ್ಟಿದ. ಸರ್ಕಾರ ಪರವಾನಗಿಯನ್ನೇನೋ ಕೊಟ್ಟಿತು, ಆದರೆ ವಿದ್ಯಾರ್ಥಿಗಳು, ಶಿಕ್ಷಕರಂಥವರನ್ನು ಮಾತ್ರ ಒಯ್ಯಬೇಕೆಂಬ ಷರತ್ತು ಹಾಕಿತು. 1950ರ ಮೇ ತಿಂಗಳಲ್ಲಿ ಗ್ಯಾಟ್ವಿಕ್‌ನಿಂದ ಡಕೋಟ ವಿಮಾನವೊಂದು ಕಾಲ್ವಿಗೆ ಹಾರಿತು. ಗ್ಯಾಟ್ವಿಕ್ ಆಗಿನ್ನೂ ಸಣ್ಣ ನಿಲ್ದಾಣ. ಎರಡು ವಾರದ ರಜೆಗೆ ಎಲ್ಲ ಸೇರಿ 32 ಪೌಂಡ್ 10 ಶಿಲ್ಲಿಂಗ್. ಆಗ ನೀಸ್ ನಗರಕ್ಕೆ ವಿಮಾನದಲ್ಲಿ ಹೋಗಿಬರಲಿಕ್ಕೇ ಸುಮಾರು 70 ಪೌಂಡ್ ಬೇಕಿತ್ತು. ವಾಸ ಸೇನೆಯ ಹಳೆಯ ಟೆಂಟುಗಳಲ್ಲಿ. ಆದರೆ ಊಟಕ್ಕೆ ಬೇಕಾದಷ್ಟು ಮಾಂಸ ಸಿಗುತ್ತಿತ್ತು. ಬ್ರಿಟನ್ನಿನಲ್ಲಿ 1954ರವರೆಗೂ ಮಾಂಸಕ್ಕೆ ರೇಷನ್ ಇದ್ದುದರಿಂದ ಅದೂ ಸಣ್ಣ ಆಕರ್ಷಣೆಯಲ್ಲ.

ಅಲ್ಲಿಂದ ಹತ್ತು ವರ್ಷ ಕಳೆಯುವಷ್ಟರಲ್ಲಿ ಈ ವ್ಯವಹಾರ ಬೆಳೆದು ನಿಂತಿತ್ತು. ಟೆಡ್ ಲ್ಯಾಂಗ್ಟನ್ ಅವರ ಪ್ರವಾಸ ಕಂಪನಿಯ ಗಿರಾಕಿಗಳನ್ನು ಸಾಗಿಸಲೆಂದೇ ಲೂಟನ್ನಿನಲ್ಲಿ ‘ಯೂರೇವಿಯಾ’ ಎಂಬ ವಿಮಾನ ಕಂಪನಿ ಹುಟ್ಟಿತು. 1962ರಲ್ಲಿ ಇಸ್ರೇಲಿನ ಎಲ್ ಆಲ್ ಸಂಸ್ಥೆ ಬಳಸಿ ಬಿಟ್ಟ ಕಾನ್‌ಸ್ಟಲೇಶನ್ ವಿಮಾನಗಳಲ್ಲಿ ಅದರ ಹಾರಾಟ ಆರಂಭ. 1964ರಲ್ಲಿ ‘ಬ್ರಿಟಾನಿಯಾ ಏರ್‌ವೇಸ್’ ಎಂದು ಹೆಸರು ಬದಲಾಯಿತು, ಮರುವರ್ಷ ಥಾಮ್ಸನ್ ಸಮೂಹ ಅದನ್ನು ಕೊಂಡುಕೊಂಡಿತು. ಇನ್ನೊಂದು ಚಾರ್ಟರ್ ಕಂಪನಿ ‘ಮೊನಾರ್ಕ್’ 1968ರ ಏಪ್ರಿಲ್‌ನಲ್ಲಿ ಲೂಟನ್ನಿನಿಂದ ಮ್ಯಾಡ್ರಿಡ್‌ಗೆ ಮೊದಲ ಸಲ ಹಾರಿತು.

ಇಷ್ಟು ಅಗ್ಗ ಹೇಗೆ ಸಾಧ್ಯವಾಯಿತು? ನಿಗದಿತ ವೇಳೆಯ ವಿಮಾನ ಅರ್ಧ ಖಾಲಿಯಿದ್ದರೂ ಹೊರಡಲೇಬೇಕು. ಚಾರ್ಟರ್‌ನಲ್ಲಿ ಸೀಟು ಖಾಲಿ ಉಳಿಯದಂತೆ ನೋಡಿಕೊಳ್ಳುವುದೇ ವ್ಯಾಪಾರದ ಜೀವಾಳ. ಹೊಸ ತಂಡವನ್ನು ಸ್ಪೇನಿನ ಪಾಲ್ಮಾದಲ್ಲಿ ಇಳಿಸಿದ ವಿಮಾನ ಅಲ್ಲಿ ರಜೆ ಮುಗಿಸಿದವರನ್ನು ತುಂಬಿಕೊಂಡು ಹಿಂದಿರುಗುತ್ತಿತ್ತು. ಹಾಗಾಗಿ ಖಾಲಿ ಹಾರಬೇಕಾದದ್ದು ಹಂಗಾಮಿನ ಮೊದಲ ಮತ್ತು ಕೊನೆಯ ಸುತ್ತಿನಲ್ಲಿ ಮಾತ್ರ. ವಿಮಾನ ನೆಲದ ಮೇಲೆ ನಿಂತಷ್ಟೂ ನಷ್ಟವಾದ್ದರಿಂದ ರಾತ್ರಿಯೂ ಹಾರಾಟ, ಆ ಟಿಕೆಟ್ ಇನ್ನೂ ಅಗ್ಗ. ನಿದ್ದೆಗೆಟ್ಟ ಸುತ್ತಲಿನ ಜನ ಸದ್ದಿನ ವಿರುದ್ಧ ಸಂಘ ಕಟ್ಟಿದರು.

ಸರ್ಕಾರದ ಅಡ್ಡಗಾಲೂ ಇತ್ತು. ನಿಗದಿತ ವಿಮಾನಗಳ ಅತಿ ಕಡಿಮೆ ಟಿಕೆಟ್ ದರಕ್ಕಿಂತ ಪ್ಯಾಕೇಜಿನ ಒಟ್ಟು ಬೆಲೆ ಇಳಿಯುವಂತಿರಲಿಲ್ಲ. 1966ರಿಂದ 1970ರ ಆರಂಭದವರೆಗೆ ವಿದೇಶದಲ್ಲಿ ಖರ್ಚು ಮಾಡಲು ಒಬ್ಬರಿಗೆ 50 ಪೌಂಡ್ ಮಿತಿಯಿತ್ತು. ಕೈಯಲ್ಲಿ ಅಷ್ಟೇ ಹಣವಿದ್ದಾಗ ಊಟ, ವಸತಿ ಎಲ್ಲ ಸೇರಿದ ಪ್ಯಾಕೇಜೇ ವಾಸಿ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಅಪಾಯಗಳೂ ಇದ್ದವು. 1966ರ ಸೆಪ್ಟೆಂಬರ್ 1ರಂದು ಲೂಟನ್ನಿನಿಂದ ಹೊರಟ ಬ್ರಿಟಾನಿಯಾ ವಿಮಾನ ಆಗಿನ ಯುಗೊಸ್ಲಾವಿಯಾದ ಲ್ಯುಬ್ಲಿಯಾನಾದಲ್ಲಿ ಇಳಿಯುವಾಗ ಕಾಡಿಗೆ ಅಪ್ಪಳಿಸಿತು. ಒಳಗಿದ್ದ 117 ಮಂದಿಯಲ್ಲಿ 98 ಮಂದಿ ಸತ್ತರು. ಎತ್ತರ ತೋರಿಸುವ ಉಪಕರಣವನ್ನು ಇಳಿಯುವ ನಿಲ್ದಾಣಕ್ಕೆ ಹೊಂದಿಸದೇ ಇದ್ದದ್ದು ಕಾರಣವೆಂದು ತನಿಖೆಯಿಂದ ತಿಳಿಯಿತು.

ಲೂಟನ್ನಿನ ವೈಭವದ ದಿನಗಳ ಗುರುತು ‘ಕೋರ್ಟ್ ಲೈನ್’ ವಿಮಾನ ಕಂಪನಿ. ಗುಲಾಬಿ, ಕಿತ್ತಳೆ, ನೇರಳೆ, ಹಸಿರುನೀಲಿ ಬಣ್ಣ ಬಳಿದ ಅದರ ಜೆಟ್‌ಗಳು ರನ್‌ವೇಯಲ್ಲಿ ಎದ್ದು ಕಾಣುತ್ತಿದ್ದವು. ಖರ್ಚು ಉಳಿಸುವುದರಲ್ಲಿ ಅವರದು ಎತ್ತಿದ ಕೈ. ಊಟ ಬಡಿಸುವ ಕೆಲಸವೇ ಬೇಡವೆಂದು ಮುಂದಿನ ಸೀಟಿನ ಬೆನ್ನಿನಲ್ಲಿ ಎರಡು ಗೂಡು ಮಾಡಿಸಿದ್ದರು. ಒಂದರಲ್ಲಿ ಹೋಗುವವರ ಊಟ, ಇನ್ನೊಂದರಲ್ಲಿ ಅದೇ ಸೀಟಿನಲ್ಲಿ ವಾಪಸ್ ಬರುವವರದು. ಎರಡನೆಯ ಗೂಡಿಗೆ ಬೀಗ. ಹಸಿದ ಕೆಲವರು ಬೀಗ ಮುರಿದು ಅದನ್ನೂ ತಿಂದು ಮುಗಿಸುತ್ತಿದ್ದರು. ಬರುವವರ ಪಾಲಿಗೆ ಖಾಲಿ ಗೂಡು.

1972ರಲ್ಲಿ ಲೂಟನ್ ದೇಶದಲ್ಲೇ ಅತಿ ಹೆಚ್ಚು ಲಾಭ ತರುವ ವಿಮಾನ ನಿಲ್ದಾಣವಾಗಿತ್ತು. ಎರಡೇ ವರ್ಷದಲ್ಲಿ ಲೆಕ್ಕ ತಲೆಕೆಳಗಾಯಿತು. ಸೀಟು ತುಂಬಿದರೆ ಮಾತ್ರ ಉಳಿಯುವ ವ್ಯವಹಾರವಿದು. 1973ರಲ್ಲಿ ತೈಲದ ಬೆಲೆ ಏರಿತು, ಬುಕಿಂಗ್ ಕುಸಿಯಿತು. ಪೈಪೋಟಿಯ ದರ ಸಮರದಲ್ಲಿ ಲಾಭದ ಅಂಚು ಮೊದಲೇ ಸವೆದಿತ್ತು. ಮುಳುಗುತ್ತಿದ್ದ ಕ್ಲಾರ್ಕ್‌ಸನ್ಸ್ ಎಂಬ ಪ್ರವಾಸ ಕಂಪನಿಯನ್ನು ಮೈಮೇಲೆ ಎಳೆದುಕೊಂಡಿದ್ದ ಕೋರ್ಟ್ ಲೈನ್ 1974ರ ಆಗಸ್ಟ್ 15ರಂದು ಬಾಗಿಲು ಮುಚ್ಚಿತು. ರಜೆಯ ನಟ್ಟನಡುವೆ ಸಾವಿರಾರು ಜನ ವಿದೇಶದಲ್ಲಿ ಸಿಕ್ಕಿಬಿದ್ದರು, ಇನ್ನೆಷ್ಟೋ ಜನರ ಮುಂಗಡ ಹಣ ಮುಳುಗಿತು. ರೈಟ್ಸ್ ಕಟ್ಟಿದ ಹೊರೈಜನ್ ಕೂಡ ಅದೇ ವರ್ಷ ಅವರ ಕೈತಪ್ಪಿ ಹೋಗಿತ್ತು.

ಆ ಪೆಟ್ಟಿನಿಂದ ಬ್ರಿಟನ್ ಪಾಠ ಕಲಿಯಿತು. ನೊಂದ ಗಿರಾಕಿಗಳಿಗೆ ಪರಿಹಾರ ಕೊಡಲು 1975ರಲ್ಲಿ ಕಾನೂನಿನ ಮೂಲಕ ನಿಧಿ ಸ್ಥಾಪನೆಯಾಯಿತು. ವಿಮಾನ ಪ್ರವಾಸ ಮಾರುವ ಕಂಪನಿಗಳಿಗೆ ಬೇಕಾದ ‘ಅಟೋಲ್’ ಎಂಬ ಪರವಾನಗಿ ವ್ಯವಸ್ಥೆಯೂ ಬಲಗೊಂಡಿತು. ಲೂಟನ್ ಚೇತರಿಸಿಕೊಂಡು, 1995ರಲ್ಲಿ ಅಲ್ಲಿಂದಲೇ ಈಸಿಜೆಟ್ ಹಾರಾಟ ಶುರುವಾಯಿತು. ನಿಲ್ದಾಣ ಇಂದಿಗೂ ನಗರಸಭೆಯ ಆಸ್ತಿ. ಬ್ರಿಟಾನಿಯಾ ಈಗ ‘ಟುಯಿ’ ಎಂಬ ಹೆಸರಿನಲ್ಲಿದೆ. ಮೊನಾರ್ಕ್ 2017ರಲ್ಲಿ ಮುಚ್ಚಿದಾಗ ವಿದೇಶದಲ್ಲಿದ್ದ ಸುಮಾರು 1.1 ಲಕ್ಷ ಜನರನ್ನು ಸರ್ಕಾರವೇ ವಿಮಾನ ಗೊತ್ತುಮಾಡಿ ಕರೆತಂದಿತು. ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರು ವಿಮಾನ ಸೇರಿದ ಪ್ಯಾಕೇಜ್ ಕೊಳ್ಳುವಾಗ ಬೆಲೆ ವಿಚಾರಿಸುವುದರ ಜತೆಗೆ ಅಟೋಲ್ ಪ್ರಮಾಣಪತ್ರವನ್ನೂ ಮರೆಯದೆ ಕೇಳಿ ಪಡೆಯಬೇಕು.