ನೂರು ರೂಪಾಯಿ ಕೂಪನ್‌ಗೆ ಟ್ರ್ಯಾಕ್ಟರ್: ಆನ್‌ಲೈನ್ ಅದೃಷ್ಟ ಚೀಟಿಗೆ ಕಾನೂನಿನ ಒಪ್ಪಿಗೆ ಇದೆಯೇ?

ನೂರು ರೂಪಾಯಿ ಕೊಟ್ಟರೆ ಒಂದು ಕೂಪನ್. ಆ ಕೂಪನ್ನಿನ ಸಂಖ್ಯೆ ಎದ್ದರೆ ಒಂದು ಟ್ರ್ಯಾಕ್ಟರ್ ಅಥವಾ ಬೈಕು. ಇಂಥ ಯೋಜನೆ ನಡೆಸಲು ಹಿಂದೆ ಮುದ್ರಣಾಲಯ ಬೇಕಿತ್ತು, ಊರೂರು ತಿರುಗಿ ಚೀಟಿ ಮಾರುವವರು ಬೇಕಿತ್ತು. ಈಗ ವಾಟ್ಸ್‌ಆ್ಯಪ್ ಗುಂಪು, ಹಣ ಪಾವತಿಗೆ ಒಂದು ಕ್ಯೂಆರ್ ಕೋಡ್, ಚೀಟಿ ಎತ್ತುವುದನ್ನು ತೋರಿಸಲು ಮೊಬೈಲ್ ನೇರಪ್ರಸಾರ ಇದ್ದರೆ ಸಾಕು. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ತಾಲ್ಲೂಕುಗಳ ಯಾವುದೇ ಹಳ್ಳಿಯ ಯುವಕ ಸಂಘ ಜಾತ್ರೆಗೋ ಗಣೇಶೋತ್ಸವಕ್ಕೋ ಶಾಲೆಯ ಕೊಠಡಿಗೋ ಹಣ ಕೂಡಿಸಲು ಈ ದಾರಿ ಹಿಡಿದರೆ ಅದು ಕಾನೂನುಬದ್ಧವೇ?

ಅಲ್ಲ ಎಂಬುದೇ ಇದಕ್ಕೆ ನೇರ ಉತ್ತರ. ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ, ಲೆಕ್ಕ ಎಷ್ಟೇ ಚೊಕ್ಕವಾಗಿದ್ದರೂ ಉತ್ತರ ಬದಲಾಗದು. ಅದಕ್ಕೆ ಕಾರಣಗಳನ್ನು ಒಂದೊಂದಾಗಿ ನೋಡಬಹುದು.

ಮೂರು ಅಂಶಗಳ ಪರೀಕ್ಷೆ

1998ರ ಲಾಟರಿ (ನಿಯಂತ್ರಣ) ಕಾಯ್ದೆಯ ಪ್ರಕಾರ, ಟಿಕೆಟ್ ಕೊಂಡು ಬಹುಮಾನದ ಸಾಧ್ಯತೆಯಲ್ಲಿ ಪಾಲು ಪಡೆದವರಿಗೆ ಚೀಟಿ ಅಥವಾ ಅದೃಷ್ಟದ ಮೂಲಕ ಬಹುಮಾನ ಹಂಚುವ ಯೋಜನೆಯೇ ಲಾಟರಿ. ಅದರ ರೂಪ ಯಾವುದಿದ್ದರೂ ಸರಿ, ಹೆಸರು ಏನಿದ್ದರೂ ಸರಿ. ಹಣ ಪಾವತಿ, ಅದೃಷ್ಟ, ಬಹುಮಾನ ಎಂಬ ಮೂರು ಅಂಶಗಳು ಕೂಡಿದರೆ ಲಾಟರಿ ಆಯಿತು. ಅದನ್ನು ‘ಲಕ್ಕಿ ಡ್ರಾ’ ಎಂದರೂ, ‘ರಾಫೆಲ್’ ಎಂದರೂ, ‘ಸಹಾಯಾರ್ಥ ಕೂಪನ್’ ಎಂದರೂ ಕಾನೂನಿನ ಕಣ್ಣಿಗೆ ಒಂದೇ.

ಇವುಗಳಲ್ಲಿ ಒಂದು ಅಂಶ ನಿಜವಾಗಿಯೂ ಇಲ್ಲದಿದ್ದರೆ ಮಾತ್ರ ಚಿತ್ರ ಬದಲಾಗುತ್ತದೆ. ಯಾರಿಂದಲೂ ಹಣ ಪಡೆಯದೆ ಹೆಸರುಗಳನ್ನು ಬರೆದು ಚೀಟಿ ಎತ್ತಿ ಬಹುಮಾನ ಕೊಟ್ಟರೆ ಅದು ಈ ವ್ಯಾಖ್ಯೆಗೆ ಸೇರದು. ಆದರೆ ಐವತ್ತು ರೂಪಾಯಿಯ ಪೆನ್ನನ್ನು ಐನೂರಕ್ಕೆ ಮಾರಿ ‘ಕೂಪನ್ ಉಚಿತ’ ಎಂದರೆ ಹಣ ಪಾವತಿ ಮರೆಯಾಗುವುದಿಲ್ಲ. ‘ಕರ್ನಾಟಕದ ರಾಜಧಾನಿ ಯಾವುದು?’ ಎಂಬ ಪ್ರಶ್ನೆಗೆ ಉತ್ತರ ಪಡೆದು, ಸರಿಯುತ್ತರ ಕೊಟ್ಟ ಸಾವಿರಾರು ಜನರಲ್ಲಿ ಒಬ್ಬರನ್ನು ಚೀಟಿಯಿಂದ ಆರಿಸಿದರೆ ಅದು ಜಾಣ್ಮೆಯ ಸ್ಪರ್ಧೆಯೂ ಆಗುವುದಿಲ್ಲ.

ಯಾವ ಕಾನೂನು, ಏನು ಶಿಕ್ಷೆ?

ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಸರ್ಕಾರಗಳು ನಡೆಸುವ ಲಾಟರಿ ಕೇಂದ್ರ ಪಟ್ಟಿಯ 40ನೇ ನಮೂದಿನಲ್ಲಿದೆ. ಜೂಜು ಮತ್ತು ಪಣ ರಾಜ್ಯ ಪಟ್ಟಿಯ 34ನೇ ನಮೂದಿನಲ್ಲಿವೆ. ಲಾಟರಿ ನಡೆಸಬೇಕೇ ಬೇಡವೇ ಎಂಬುದು ಆಯಾ ರಾಜ್ಯಕ್ಕೆ ಬಿಟ್ಟ ವಿಷಯ. ತನ್ನ ಗಡಿಯೊಳಗೆ ಇತರ ರಾಜ್ಯಗಳ ಟಿಕೆಟ್ ಮಾರಾಟವನ್ನು ನಿಷೇಧಿಸುವ ಅಧಿಕಾರವನ್ನೂ 1998ರ ಕಾಯ್ದೆಯ 5ನೇ ಕಲಮು ರಾಜ್ಯಕ್ಕೆ ನೀಡಿದೆ. ಕರ್ನಾಟಕ 2007ರಲ್ಲಿ ಲಾಟರಿಗೆ ಪೂರ್ಣವಾಗಿ ತೆರೆ ಎಳೆಯಿತು.

ಖಾಸಗಿ ವ್ಯಕ್ತಿ ಅಥವಾ ಸಂಘದ ಲಾಟರಿಗೆ ಅನ್ವಯಿಸುವುದು ದಂಡ ಕಾನೂನು. ಹಿಂದಿನ ಭಾರತೀಯ ದಂಡ ಸಂಹಿತೆಯ 294ಎ ಕಲಮು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಮಾಗಿದೆ. ರಾಜ್ಯ ಸರ್ಕಾರದ್ದಲ್ಲದ, ಸರ್ಕಾರದ ಅನುಮತಿಯೂ ಇಲ್ಲದ ಲಾಟರಿಯ ಚೀಟಿ ಎತ್ತಲು ಕಚೇರಿ ಅಥವಾ ಸ್ಥಳ ಇರಿಸಿಕೊಂಡವರಿಗೆ ಆರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಅಂಥ ಲಾಟರಿಯ ಬಹುಮಾನದ ಪ್ರಸ್ತಾಪವನ್ನು ಪ್ರಕಟಿಸಿದವರಿಗೆ ಐದು ಸಾವಿರ ರೂಪಾಯಿವರೆಗೆ ದಂಡವಿದೆ. ಹಳೆಯ ಸಂಹಿತೆಯಲ್ಲಿ ಇದು ಒಂದು ಸಾವಿರವಿತ್ತು. ಗುಂಪಿನಿಂದ ಗುಂಪಿಗೆ ಕೂಪನ್ನಿನ ಚಿತ್ರ ಹಂಚುವವರೂ ಈ ಎರಡನೇ ಭಾಗವನ್ನು ನೆನಪಿನಲ್ಲಿಡುವುದು ಒಳಿತು.

‘ಆನ್‌ಲೈನ್ ಆಟದ ನಿಷೇಧವನ್ನು ಹೈಕೋರ್ಟ್ ರದ್ದು ಮಾಡಿದೆಯಲ್ಲ’ ಎಂಬ ವಾದ ಕೆಲವರದು. 2021ರ ಕರ್ನಾಟಕ ಪೊಲೀಸ್ (ತಿದ್ದುಪಡಿ) ಕಾಯ್ದೆಯ ಮುಖ್ಯ ಅಂಶಗಳನ್ನು ಕರ್ನಾಟಕ ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಪಡಿಸಿದ್ದು ನಿಜ. ಆದರೆ ಅಲ್ಲಿ ಚರ್ಚೆಯಾದದ್ದು ಕೌಶಲದ ಆಟ. ಚೀಟಿ ಎತ್ತುವುದರಲ್ಲಿ ಆಡುವವರ ಕೌಶಲವೇ ಇಲ್ಲ. ಅದಾದ ಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು. ಕೌಶಲವಿರಲಿ ಅದೃಷ್ಟವಿರಲಿ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡವನ್ನು ಆ ಕಾಯ್ದೆ ಹೇಳುತ್ತದೆ.

‘ನಮ್ಮ ಕಚೇರಿ ಹೊರಗಿದೆ’ ಎಂಬ ಹಳೆಯ ವಾದ

ಯೋಜನೆ ನಡೆಸುವವರು ಬೇರೆ ರಾಜ್ಯದಲ್ಲಿದ್ದರೆ? ಇದು ಅಂತರ್ಜಾಲ ಯುಗದ ಪ್ರಶ್ನೆಯೆನಿಸಿದರೂ ಇದಕ್ಕೆ ಉತ್ತರ ದೊರೆತದ್ದು 1957ರಲ್ಲಿ. ಆ ಪ್ರಕರಣದ ಎರಡು ತುದಿಗಳೂ ಇಂದಿನ ಕರ್ನಾಟಕಕ್ಕೆ ಸಂಬಂಧಿಸಿದವು.

ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಎಂಬುವರ ಸಂಸ್ಥೆ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯ ಮೂಲಕ ಬಹುಮಾನದ ಪದಬಂಧ ಸ್ಪರ್ಧೆ ನಡೆಸುತ್ತಿತ್ತು. ಪತ್ರಿಕೆ ಮುದ್ರಣವಾಗುತ್ತಿದ್ದುದು ಬೆಂಗಳೂರಿನಲ್ಲಿ, ಅಂದರೆ ಅಂದಿನ ಮೈಸೂರು ರಾಜ್ಯದಲ್ಲಿ. ಪ್ರಸಾರ ಮುಂಬಯಿ ರಾಜ್ಯದಲ್ಲೂ ಇತ್ತು. ಧಾರವಾಡ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದ ಭಾಗವೇ ಆಗಿತ್ತು; ನವಲಗುಂದದ ಓದುಗನಿಗೆ ಬೆಂಗಳೂರಿನ ಪತ್ರಿಕೆ ಕಾನೂನಿನ ಲೆಕ್ಕದಲ್ಲಿ ಹೊರರಾಜ್ಯದ್ದು. ಹೊರಗೆ ಮುದ್ರಣವಾಗಿ ಒಳಬರುವ ಪತ್ರಿಕೆಗಳ ಸ್ಪರ್ಧೆಯನ್ನೂ ಪರವಾನಗಿ ಮತ್ತು ತೆರಿಗೆಯ ವ್ಯಾಪ್ತಿಗೆ ತರಲು ಮುಂಬಯಿ ಸರ್ಕಾರ 1952ರಲ್ಲಿ ತನ್ನ ಕಾಯ್ದೆ ತಿದ್ದಿತು. ನಾವು ನಿಮ್ಮ ಗಡಿಯ ಹೊರಗಿನವರು, ಇದು ನಮ್ಮ ವ್ಯಾಪಾರದ ಹಕ್ಕು ಎಂದು ಸಂಸ್ಥೆ ವಾದಿಸಿತು.

1957ರ ಏಪ್ರಿಲ್ 9ರಂದು ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರಿದ್ದ ಸರ್ವೋಚ್ಚ ನ್ಯಾಯಾಲಯದ ಪೀಠ ಎರಡೂ ವಾದಗಳನ್ನು ತಳ್ಳಿಹಾಕಿತು. ಸ್ಪರ್ಧೆಗೆ ಆಹ್ವಾನ ತಲುಪುವುದು, ನಮೂನೆ ತುಂಬುವುದು, ಹಣ ಕಟ್ಟುವುದು ಮುಂಬಯಿ ರಾಜ್ಯದೊಳಗೇ ನಡೆಯುವುದರಿಂದ ಆ ರಾಜ್ಯಕ್ಕೆ ಅಧಿಕಾರವಿದೆ ಎಂದಿತು. ಜೂಜು ಸಂವಿಧಾನ ರಕ್ಷಿಸುವ ವ್ಯಾಪಾರವಲ್ಲ ಎಂದೂ ಸ್ಪಷ್ಟಪಡಿಸಿತು. ಪತ್ರಿಕೆಯ ಜಾಗದಲ್ಲಿ ವಾಟ್ಸ್‌ಆ್ಯಪ್ ಸಂದೇಶವನ್ನೂ, ನಮೂನೆ ಸಂಗ್ರಹಿಸುವ ಅಂಗಡಿಯ ಜಾಗದಲ್ಲಿ ಕ್ಯೂಆರ್ ಕೋಡನ್ನೂ ಇಟ್ಟು ನೋಡಿದರೆ ಈ ತರ್ಕ ಇಂದಿಗೂ ಹೊಂದುತ್ತದೆ.

ಕಂತಿನ ಯೋಜನೆ, ಅಂಗಡಿಯ ಕೂಪನ್

ತಿಂಗಳಿಗಿಷ್ಟು ಎಂದು ಕಂತು ಕಟ್ಟಿಸಿಕೊಂಡು, ಪ್ರತಿ ತಿಂಗಳು ಚೀಟಿ ಎತ್ತಿ ಕೆಲವರಿಗೆ ಬಹುಮಾನ ಕೊಟ್ಟು, ಉಳಿದವರಿಗೆ ಕೊನೆಯಲ್ಲಿ ಹಣವನ್ನೋ ವಸ್ತುವನ್ನೋ ಮರಳಿಸುವ ಯೋಜನೆಗಳು ಬೇರೊಂದು ನಿಷೇಧಕ್ಕೆ ಸಿಲುಕುತ್ತವೆ. ಅದು 1978ರ ಬಹುಮಾನ ಚೀಟಿ ಮತ್ತು ಹಣ ಚಲಾವಣೆ ಯೋಜನೆಗಳ (ನಿಷೇಧ) ಕಾಯ್ದೆ. ಶಿಕ್ಷೆ ಮೂರು ವರ್ಷದವರೆಗೆ ಸೆರೆವಾಸ. 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾದ ಚೀಟಿ ವ್ಯವಹಾರವನ್ನು ಇದರೊಂದಿಗೆ ಬೆರೆಸಬಾರದು. ಅಲ್ಲಿ ಪ್ರತಿ ಸದಸ್ಯನಿಗೂ ಒಮ್ಮೆ ಚೀಟಿ ಮೊತ್ತ ಸಲ್ಲುತ್ತದೆ.

ವ್ಯಾಪಾರ ಹೆಚ್ಚಿಸಲು ಅಂಗಡಿಗಳು ನಡೆಸುವ ಅದೃಷ್ಟ ಪರೀಕ್ಷೆಯೂ ನಿರಾತಂಕವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 2(47)ನೇ ಕಲಮು ಅದನ್ನು ಅನುಚಿತ ವ್ಯಾಪಾರ ಪದ್ಧತಿಗಳ ಸಾಲಿಗೆ ಸೇರಿಸಿದೆ. ಯೋಜನೆಯ ಅಂತಿಮ ಫಲಿತಾಂಶವನ್ನು ತಿಳಿಸದೆ ಬಚ್ಚಿಡುವುದೂ ಅದೇ ಸಾಲಿನಲ್ಲಿದೆ. ಇಂಥ ದೂರುಗಳನ್ನು ಜಿಲ್ಲಾ ಗ್ರಾಹಕ ಆಯೋಗಕ್ಕೆ ಒಯ್ಯಬಹುದು.

ಕೇರಳದ ಟಿಕೆಟ್, ವಿದೇಶದ ಡ್ರಾ

1967ರಲ್ಲಿ ಆರಂಭವಾದ ಕೇರಳ ರಾಜ್ಯ ಲಾಟರಿ ಇಂದಿಗೂ ನಡೆಯುತ್ತಿದೆ. ಅದು ಕಾಗದದ ಟಿಕೆಟ್. ಅಲ್ಲಿನ ಲಾಟರಿ ಇಲಾಖೆ ಅದನ್ನು ಆನ್‌ಲೈನ್‌ನಲ್ಲಿ ಮಾರುವುದಿಲ್ಲ. 2024ರಲ್ಲಿ 25 ಕೋಟಿ ರೂಪಾಯಿಯ ತಿರುವೋಣಂ ಬಂಪರ್ ಮಂಡ್ಯ ಜಿಲ್ಲೆಯವರೊಬ್ಬರಿಗೆ ಬಂದಿತ್ತು, ಆದರೆ ಆ ಟಿಕೆಟ್ ಖರೀದಿಯಾದದ್ದು ಕೇರಳದ ವಯನಾಡಿನಲ್ಲಿ. ‘ಕೇರಳ ಲಾಟರಿ ಮೊಬೈಲ್‌ನಲ್ಲೇ ಕೊಳ್ಳಿ’ ಎಂದು ಬರುವ ಸಂದೇಶ ನಂಬಲರ್ಹವಲ್ಲ. ವಿದೇಶಿ ಡ್ರಾಗಳಿಗೆ ಇಲ್ಲಿಂದ ಹಣ ಕಳುಹಿಸುವುದೂ ಕಾನೂನುಬಾಹಿರ. ಲಾಟರಿ ಟಿಕೆಟ್ ಖರೀದಿಗೆ ಹಣ ರವಾನೆಯನ್ನು 2000ದ ವಿದೇಶಿ ವಿನಿಮಯ ನಿಯಮಗಳು ನಿಷೇಧಿಸಿವೆ.

ಕೊಂಡವರ ಕೈಗೆ ಏನು?

ಕೂಪನ್ ಕೊಂಡವರಿಗೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಬೇರೆಯೇ ಇದೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ 30ನೇ ಕಲಮಿನ ಪ್ರಕಾರ ಪಣದ ಒಪ್ಪಂದ ಶೂನ್ಯ; ಅದರಡಿ ಗೆದ್ದದ್ದನ್ನು ವಸೂಲು ಮಾಡಲು ದಾವೆ ನಡೆಯದು. ಹೀಗಾಗಿ ಸಂಖ್ಯೆ ಎದ್ದರೂ ಸಂಘಟಕರು ಟ್ರ್ಯಾಕ್ಟರ್ ಕೊಡಲು ಒಪ್ಪದಿದ್ದರೆ ‘ನನ್ನ ಬಹುಮಾನ ಕೊಡಿಸಿ’ ಎಂದು ನ್ಯಾಯಾಲಯದ ಮೆಟ್ಟಿಲೇರುವ ದಾರಿ ಬಹುಮಟ್ಟಿಗೆ ಮುಚ್ಚಿರುತ್ತದೆ. ಕೊಡುವ ಉದ್ದೇಶವೇ ಇಲ್ಲದೆ ಹಣ ಕಿತ್ತಿದ್ದರೆ ಅದು ವಂಚನೆ. ಆಗ ನ್ಯಾಯ ಸಂಹಿತೆಯ 318ನೇ ಕಲಮಿನಡಿ ದೂರು ಕೊಡಬಹುದು. ಹಣ ಹೋದ ಕೂಡಲೇ 1930 ಸಹಾಯವಾಣಿಗೆ ಕರೆ ಮಾಡಿ ಪಾವತಿಯ ವಿವರ ನೀಡಿದರೆ, ಅದು ಮುಂದಿನ ಖಾತೆಗಳಿಗೆ ಜಾರುವ ಮೊದಲೇ ತಡೆಯುವ ಅವಕಾಶವಿರುತ್ತದೆ. ‘ಬಹುಮಾನ ಬಂದಿದೆ, ಮೊದಲು ತೆರಿಗೆ ಕಟ್ಟಿ’ ಎಂದು ಅಪರಿಚಿತರ ಖಾತೆಗೆ ಹಣ ಕೇಳಿದರೆ ಅದು ಮೋಸವೆಂದೇ ತಿಳಿಯಬೇಕು. ಆದಾಯ ತೆರಿಗೆ ಸಲ್ಲುವುದು ಸರ್ಕಾರಕ್ಕೆ, ಯಾರದೋ ಮೊಬೈಲ್ ಸಂಖ್ಯೆಗಲ್ಲ.

ಊರ ಕೆಲಸಕ್ಕೆ ಹಣ ಕೂಡಿಸಲು ಕಾನೂನು ಅಡ್ಡಿ ಮಾಡಿಲ್ಲ. ರಶೀದಿ ಕೊಟ್ಟು ವಂತಿಗೆ ಎತ್ತಬಹುದು. ದಾನಿಗಳು ಕೊಟ್ಟ ವಸ್ತುವನ್ನು ಬಹಿರಂಗ ಹರಾಜಿಗೆ, ಹಳ್ಳಿಯ ಮಾತಿನಲ್ಲಿ ಸವಾಲಿಗೆ ಇಡಬಹುದು. ಅಲ್ಲಿ ಹಣ ಕೊಟ್ಟವರಿಗೆ ವಸ್ತು ಖಚಿತ. ಓಟ, ಕುಸ್ತಿ, ರಂಗೋಲಿಯಂಥ ಸ್ಪರ್ಧೆಗಳಲ್ಲಿ ಗೆದ್ದವರಿಗೆ ದಾನಿಗಳ ಬಹುಮಾನ ಕೊಡಬಹುದು. ಹಣ ಪಡೆದು ಅದೃಷ್ಟದಿಂದ ಬಹುಮಾನ ಹಂಚುವುದೊಂದನ್ನು ಮಾತ್ರ ಕಾನೂನು ಸರ್ಕಾರಗಳಿಗೆ ಮೀಸಲಿಟ್ಟಿದೆ. ಕರ್ನಾಟಕ ಸರ್ಕಾರ ಅದನ್ನೂ ಕೈಬಿಟ್ಟಿದೆ.