ಹಾರ್ಡ್ ಡಿಸ್ಕ್ ಕಾಣುತ್ತಿಲ್ಲವೆ? ಮೊದಲು ಕಿವಿಗೊಡಿ

ನಾಳೆ ಬೆಳಿಗ್ಗೆ ಪ್ರಾಜೆಕ್ಟ್ ವರದಿ ಒಪ್ಪಿಸಬೇಕು. ರಾತ್ರಿ ಗಣಕಯಂತ್ರ ಹಾಕುತ್ತೀರಿ. ವರದಿ ಇಟ್ಟಿದ್ದ ಹಾರ್ಡ್ ಡಿಸ್ಕೇ ಕಾಣುವುದಿಲ್ಲ. ಕೈಕಾಲು ತಣ್ಣಗಾಗುವುದು ಸಹಜ. ಆದರೆ ಗಾಬರಿಯಲ್ಲಿ ಒತ್ತಿದ ಒಂದು ಗುಂಡಿ ಕೆಟ್ಟ ಡಿಸ್ಕಿಗಿಂತ ಹೆಚ್ಚು ಹಾನಿ ಮಾಡಬಲ್ಲದು.

‘ಕಾಣುತ್ತಿಲ್ಲ’ ಎಂದರೆ ಯಾರಿಗೆ ಕಾಣುತ್ತಿಲ್ಲ? ಈ ಪ್ರಶ್ನೆಯಿಂದಲೇ ಹೊರಡಬೇಕು. ಯಂತ್ರ ಎದ್ದ ಕೂಡಲೆ ಅದರ ಮದರ್‌ಬೋರ್ಡಿನಲ್ಲಿರುವ ಬಯೋಸ್ ಎಂಬ ಮೂಲ ತಂತ್ರಾಂಶ (ಈಚಿನ ಯಂತ್ರಗಳಲ್ಲಿ ಯುಇಎಫ್‌ಐ) ಡಿಸ್ಕನ್ನು ‘ನೀನು ಯಾರು?’ ಎಂದು ಕೇಳುತ್ತದೆ. ಡಿಸ್ಕು ತನ್ನ ಮಾದರಿ, ಕ್ರಮಸಂಖ್ಯೆ, ಸಾಮರ್ಥ್ಯ ಹೇಳುತ್ತದೆ. ಆಮೇಲೆ ವಿಂಡೋಸ್ ಅಥವಾ ಲಿನಕ್ಸ್ ಬಂದು, ಒಳಗಿನ ವಿಭಾಗಗಳ ಪಟ್ಟಿಯನ್ನು ಓದಿ ನಿಮಗೆ ತೋರಿಸುತ್ತದೆ. ಆದ್ದರಿಂದ ಯಂತ್ರ ಹಾಕುವಾಗಲೇ ಎಫ್2 ಅಥವಾ ಡಿಲೀಟ್ ಕೀಲಿ ಒತ್ತಿ (ಯಂತ್ರದಿಂದ ಯಂತ್ರಕ್ಕೆ ಇದು ಬೇರೆ) ಬಯೋಸಿನ ಪಟ್ಟಿಯಲ್ಲಿ ಡಿಸ್ಕಿನ ಹೆಸರು ಇದೆಯೇ ನೋಡಿ.

ಅಲ್ಲಿಯೂ ಇಲ್ಲದಿದ್ದರೆ ಕಿವಿಗೊಡಿ. ಹಾರ್ಡ್ ಡಿಸ್ಕಿನ ತಟ್ಟೆಗಳು ನಿಮಿಷಕ್ಕೆ ಸಾಮಾನ್ಯವಾಗಿ 5,400 ಅಥವಾ 7,200 ಸುತ್ತು ತಿರುಗುತ್ತವೆ. ಸಣ್ಣ ಗುಂಯ್‌ಗುಡುವಿಕೆ ಇರಬೇಕು. ಸಂಪೂರ್ಣ ಮೌನವಾಗಿದ್ದರೆ ವಿದ್ಯುತ್ ತಲುಪಿಲ್ಲದಿರಬಹುದು. (ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಅದಕ್ಕೆ ಈ ಪರೀಕ್ಷೆ ಸಲ್ಲದು.) ಯಂತ್ರ ಆರಿಸಿ, ಪ್ಲಗ್ ಕಿತ್ತು, ಸಾಟಾ ಡಿಸ್ಕಿನ ಎರಡೂ ಕೇಬಲ್ ಬಿಚ್ಚಿ ಮತ್ತೆ ಕೂರಿಸಿ: ಅಗಲವಾದ 15 ಸಂಪರ್ಕಗಳದ್ದು ವಿದ್ಯುತ್ತಿಗೆ, ಕಿರಿದಾದ 7ರದ್ದು ಮಾಹಿತಿಗೆ. ಬೇರೆ ಕೇಬಲ್, ಬೇರೆ ಪೋರ್ಟ್ ಹಾಕಿ ನೋಡಿ. ಕಾಲೇಜಿನ ಮೂಲೆಯಲ್ಲಿ ಹಳೆಯ ಐಡಿಇ ಡಿಸ್ಕು ಸಿಕ್ಕರೆ ಜಂಪರನ್ನೂ ಗಮನಿಸಿ. ಒಂದೇ ಪಟ್ಟಿ ಕೇಬಲಿನ ಎರಡು ಡಿಸ್ಕುಗಳೂ ‘ಮಾಸ್ಟರ್’ ಆಗಿದ್ದರೆ ಎರಡೂ ಕಾಣದೆ ಹೋಗಬಹುದು.

ಗುಂಯ್ ಎನ್ನುವ ಬದಲು ಟಿಕ್ ಟಿಕ್ ಎಂದು ಬಡಿಯುತ್ತಿದ್ದರೆ? ಕೂಡಲೇ ಆರಿಸಿ. ಓದುವ ಹೆಡ್ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪ ಹತ್ತಾರು ಸಾವಿರ ನ್ಯಾನೋಮೀಟರ್. ದಾರಿ ಸಿಗದ ಹೆಡ್ ಹಿಂದೆ ಸರಿದು ಮತ್ತೆ ಮತ್ತೆ ಪ್ರಯತ್ನಿಸುವ ಸದ್ದು ಅದು. ಹೆಡ್ ಮುರಿದಿದ್ದರೆ ಪ್ರತಿ ಸಲ ಯಂತ್ರ ಹಾಕಿದಾಗಲೂ ತಟ್ಟೆ ಗೀರಬಹುದು. ತಟ್ಟಬೇಡಿ, ಮುಚ್ಚಳ ತೆರೆಯಬೇಡಿ. ಫ್ರಿಜ್ಜಿನಲ್ಲಿಡಿ ಎನ್ನುವ ಪಂಡಿತರೂ ಇದ್ದಾರೆ, ಅವರ ಮಾತು ಕೇಳಬೇಡಿ. ಮಾಹಿತಿ ಬೇಕಿದ್ದರೆ ಅದು ಡೇಟಾ ರಿಕವರಿ ಬಲ್ಲವರ ಕೆಲಸ.

ಬಯೋಸಿನಲ್ಲಿ ಇದ್ದು ವಿಂಡೋಸಿನಲ್ಲಿ ಕಾಣದಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಎಷ್ಟೋ ಸಲ ವಿಭಾಗಕ್ಕೆ ಅಕ್ಷರ ಇರುವುದಿಲ್ಲ, ಅಷ್ಟೆ. ಒಂದು ಅಕ್ಷರ ಕೊಟ್ಟರೆ ಸಾಕು. ಆದರೆ ‘ಇನಿಷಿಯಲೈಸ್’ ಅಥವಾ ‘ಫಾರ್ಮ್ಯಾಟ್’ ಮಾಡಲೇ ಎಂದು ಪರದೆ ಕೇಳಿದರೆ ಒಪ್ಪಬೇಡಿ.

ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಒಬ್ಬ ಹಿರಿಯ ಮದ್ದಳೆ ತಯಾರಕರ ಎರಡು ಗಂಟೆಯ ಮಾತುಕತೆಯನ್ನು ನಾವು ಚಿತ್ರೀಕರಿಸಿದ್ದೆವು. ಮುಂದಿನ ತಿಂಗಳೇ ಅವರು ತೀರಿಕೊಂಡರು. ಸಂಕಲನಕ್ಕೆ ಕುಳಿತಾಗ ಹೊರ ಡಿಸ್ಕು ತೆರೆಯಲಿಲ್ಲ. ಫಾರ್ಮ್ಯಾಟ್ ಮಾಡಬೇಕೆಂದು ಪರದೆ ಹೇಳಿತು. ಸಹಾಯಕನ ಬೆರಳು ಆಗಲೇ ಮೌಸಿನ ಮೇಲಿತ್ತು. ‘ತಡಿ ಮಾರಾಯ’ ಎಂದು ಕೂಗಿಬಿಟ್ಟೆ. ನೋಡಿದರೆ ಯುಎಸ್‌ಬಿ ಕೇಬಲಿನ ತುದಿ ಸಡಿಲವಾಗಿತ್ತು! ಬೇರೆ ಕೇಬಲ್ ಹಾಕಿ, ಮುಂದಿನ ಪೋರ್ಟಿನ ಬದಲು ಯಂತ್ರದ ಹಿಂಬದಿಯ ಪೋರ್ಟಿಗೆ ಚುಚ್ಚಿದಾಗ ಆ ಹಿರಿಯರು ಪರದೆಯ ಮೇಲೆ ಮದ್ದಳೆಗೆ ಕರಣೆ ಹಾಕುತ್ತ ಕುಳಿತಿದ್ದರು.

ಡಿಸ್ಕು ಮರಳಿ ಕಂಡೊಡನೆ ಮೊದಲು ಬೇರೆಡೆಗೆ ಪ್ರತಿ ತೆಗೆಯಿರಿ. ಆಮೇಲೆ ಡಿಸ್ಕು ತಾನೇ ಬರೆದಿಡುವ ‘ಸ್ಮಾರ್ಟ್’ ದಾಖಲೆ ತೆಗೆದು ನೋಡಿ. ಅದರಲ್ಲಿ 199ನೆಯ ಸಾಲಿನ ಸಿಆರ್‌ಸಿ ದೋಷಗಳು ಏರುತ್ತಿದ್ದರೆ ಸಾಮಾನ್ಯವಾಗಿ ಕೇಬಲಿನ ತಪ್ಪು. 5ನೆಯ ಸಾಲು, ಎಂದರೆ ಕೆಟ್ಟು ಬದಲಾಯಿಸಿದ ಸೆಕ್ಟರುಗಳ ಎಣಿಕೆ, ಏರುತ್ತಿದ್ದರೆ ಹೊಸ ಡಿಸ್ಕಿಗೆ ಹಣ ಹೊಂದಿಸತೊಡಗಿ.